ಕಾಕಾನ ಕ್ರೂಸರ್ ಎಂಜಿನ್ ಒಳಗೆ ಏನು ಸವೆದಿತ್ತು?

ನಮ್ಮ ಕಾಕಾ ಸಿಂದಗಿ–ಇಂಡಿ ನಡುವೆ ಕ್ರೂಸರ್ ಓಡಿಸುತ್ತಾರೆ. ಲಗ್ನದ ಸುಗ್ಗಿಯಲ್ಲಿ ಮುದ್ದೇಬಿಹಾಳ, ಬಸವನ ಬಾಗೇವಾಡಿಗೂ ಬಾಡಿಗೆ ಹೋಗುತ್ತಾರೆ. ಎರಡು ವರ್ಷದ ಹಿಂದೆ ಸಾಲ ಮಾಡಿ ಈ ಹಳೇ ಗಾಡಿ ತಗೊಂಡರು. ಮೀಟರ್ 1 ಲಕ್ಷ 40 ಸಾವಿರ ಕಿ.ಮೀ. ತೋರಿಸುತ್ತಿತ್ತು. "ಇಷ್ಟs ಓಡೇತಿ, ಗಟ್ಟಿ ಐತಿ" ಅಂತ ಮಂದಿ ಅಂದರು. ಈ ಬೇಸಿಗೆಯಲ್ಲಿ ಅದು ನೀಲಿ ಹೊಗೆ ಬಿಡತೊಡಗಿತು. ಆಯಿಲ್ ಹಾಕಿದಷ್ಟೂ ಖಾಲಿ. ಬೆಳಿಗ್ಗೆ ನಾವೆಲ್ಲ ತಳ್ಳಿದರೇ ಚಾಲೂ ಆಗುತ್ತಿತ್ತು. ಕಡೆಗೆ ಎಂಜಿನ್ ಬಿಚ್ಚಿಸಿದರು. ಆ ದಿನ ನಾನೂ ಗ್ಯಾರೇಜಿಗೆ ಹೋಗಿದ್ದೆ. ಗೆಳೆಯರೇ, ಅಲ್ಲಿ ಕಂಡದ್ದನ್ನು ಬರೆಯುತ್ತೇನೆ.

ಮೇಲಿನ ಹೆಡ್ ಎತ್ತಿದರೆ ನಾಲ್ಕು ಸಣ್ಣ ಬಾವಿಗಳಂತೆ ಸಿಲಿಂಡರ್ ಕಾಣುತ್ತವೆ. ಮಿಸ್ತ್ರಿ, "ತಮ್ಮಾ, ಒಳಗ ಉಗುರು ಆಡಿಸಿ ನೋಡು" ಅಂದರು. ಕೆಳಗಿನಿಂದ ನುಣ್ಣಗೆ ಬಂದ ಉಗುರು ಬಾಯಿಯ ಹತ್ತಿರ ಒಂದು ಅಂಚಿಗೆ ತಾಗಿ ನಿಂತಿತು. ಆ ಅಂಚಿನ ಮೇಲಕ್ಕೆ ಪಿಸ್ಟನ್ನಿನ ರಿಂಗ್ ಮುಟ್ಟುವುದೇ ಇಲ್ಲ. ಅಲ್ಲಿ ಗೋಡೆ ಹೊಸದರಂತೆ ಇದೆ, ಅದರ ಕೆಳಗೆ ಸವೆದಿದೆ.

ಮೇಲೆಯೇ ಯಾಕೆ ಹೆಚ್ಚು ಸವೆಯುತ್ತದೆ? ಪಿಸ್ಟನ್ ಓಡುವಾಗ ರಿಂಗಿಗೂ ಗೋಡೆಗೂ ನಡುವೆ ಆಯಿಲಿನ ತೆಳು ಪದರ ಇರುತ್ತದೆ. ತುದಿಗೆ ಹೋಗಿ ತಿರುಗುವಾಗ ಪಿಸ್ಟನ್ ಒಂದು ಕ್ಷಣ ನಿಲ್ಲುತ್ತದೆ, ಪದರ ಹರಿಯುತ್ತದೆ. ಡೀಸೆಲ್ ಉರಿಯುವುದೂ ಆಗಲೇ. ಶಾಖ, ಒತ್ತಡ ಎರಡೂ ಸೇರಿ ರಿಂಗನ್ನು ಗೋಡೆಗೆ ಒತ್ತುತ್ತವೆ.

ಸವೆತ ಅಳೆದ ರೀತಿ ನನಗೆ ಬಹಳ ಸೇರಿತು. ಒಂದು ಹೊಸ ರಿಂಗನ್ನು ಸವೆಯದ ತಳದಲ್ಲಿ ಇಟ್ಟು ಅದರ ಬಾಯಿಯ ಸಂದು ಅಳೆದರು: 0.4 ಮಿ.ಮೀ. ಅದೇ ರಿಂಗನ್ನು ಮೇಲಿಟ್ಟಾಗ 1.5 ಮಿ.ಮೀ. ವ್ಯತ್ಯಾಸ 1.1. ಸುತ್ತಳತೆ ಅಂದರೆ ವ್ಯಾಸದ 22/7 ಪಟ್ಟು ಅಂತ ನಾವು ಕಲಿತಿಲ್ಲವೇ? 1.1 ಅನ್ನು 22/7 ರಿಂದ ಭಾಗಿಸಿದರೆ 0.35. ಸಿಲಿಂಡರಿನ ವ್ಯಾಸ ಅಷ್ಟು ಮಿ.ಮೀ. ದೊಡ್ಡದಾಗಿತ್ತು! ಈ ಸಂದಿನಿಂದ ಆಯಿಲ್ ಮೇಲೇರಿ ಉರಿದು ನೀಲಿ ಹೊಗೆಯಾಯಿತು. ಗಾಳಿ ಕೆಳಗೆ ಸೋರಿ ಒತ್ತಡ ಕಡಿಮೆಯಾಯಿತು. ಡೀಸೆಲ್ ಎಂಜಿನ್ನಿಗೆ ಪ್ಲಗ್ಗಿನ ಕಿಡಿ ಇಲ್ಲ, ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹೊತ್ತಬೇಕು. ಅದಕ್ಕೇ ನಾವು ತಳ್ಳಬೇಕಾಯಿತು.

ಮೀಟರ್ ತಿರುಗಿಸಿದ್ದಾರೇನೋ ಅಂತ ಕಾಕಾಗೆ ಸಂಶಯ. ಮಿಸ್ತ್ರಿ ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪ್ ತಿರುಗಿಸಿ ತೋರಿಸಿದರು. ಕೆಳಬದಿಗೆ ಬಿರುಕು! "ಮೀಟರ್ ಏನ್ ನೋಡ್ತೀರಿ ಅಣ್ಣಾ, ಇಲ್ಲಿ ನೋಡ್ರಿ. ನಮ್ಮ ಹಾದ್ಯಾಗಿನ ದೂಳೆಲ್ಲಾ ಇಲ್ಲೇ ಒಳಗ ಹೋಗೇತಿ." ದೂಳಿನಲ್ಲಿರುವ ಮರಳಿನ ಕಣ ಸಿಲಿಂಡರಿನ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಆಯಿಲಿನಲ್ಲಿ ಕಲೆತರೆ ಸಾಣೆ ಹಿಡಿದಂತೆ ಆಗುತ್ತದೆ.

ದೂಳು ತಡೆದು, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದರೆ ಎಂಜಿನ್ ಎಷ್ಟೋ ಓಡುತ್ತದೆ. ಹಳೇ ಟ್ರ್ಯಾಕ್ಸ್ ಗಾಡಿಗಳ ಎಂಜಿನ್ ಮರ್ಸಿಡಿಸ್ ಬೆಂಜ್‌ನ ಓಎಂ 616 ಮಾದರಿಯದು. ಅದೇ ಮಾದರಿಯ 1976ರ ಕಾರನ್ನು ಗ್ರೀಸ್ ದೇಶದ ಟ್ಯಾಕ್ಸಿ ಚಾಲಕ ಗ್ರೆಗೋರಿಯೊಸ್ ಸಾಚಿನಿಡಿಸ್ 46 ಲಕ್ಷ ಕಿ.ಮೀ. ಓಡಿಸಿ, 2004ರಲ್ಲಿ ಆ ಕಂಪನಿಯ ಮ್ಯೂಸಿಯಂಗೆ ಕೊಟ್ಟರು. ಒಂದೇ ಎಂಜಿನ್ನಿನಲ್ಲಿ ಅಲ್ಲ ಮತ್ತೆ. ನಡುನಡುವೆ ಇಳಿಸಿ, ರಿಪೇರಿ ಮಾಡಿಸಿ, ಬದಲಿಸುತ್ತ ಓಡಿಸಿದರು.

ನಿಮ್ಮ ಮನೆಯಲ್ಲಿ ಹಳೇ ಗಾಡಿ ಕೊಳ್ಳುವುದಿದ್ದರೆ ಎಂಜಿನ್ ಚಾಲೂ ಇಟ್ಟು ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿರಿ. ಭುಸುಭುಸು ಹೊಗೆ ಬಂದರೆ ರಿಂಗ್ ಸೋರುತ್ತಿವೆ. ಚಾಲೂ ಮಾಡುವುದನ್ನು ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೇ ನೋಡಬೇಕು. ಮಾರುವವರು ಮೊದಲೇ ಬಿಸಿ ಮಾಡಿ ಇಟ್ಟಿರುತ್ತಾರೆ, ನಮ್ಮ ಕಾಕಾಗೆ ಹಾಗೇ ಆಗಿತ್ತು.

ಸಿಲಿಂಡರ್ ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಿಸಿದ ಮೇಲೆ ಗಾಡಿ ಮತ್ತೆ ಇಂಡಿ ಹಾದಿ ಹಿಡಿದಿದೆ. ಕಾಕಾ ಈಗ ದಿನಾ ಬೆಳಿಗ್ಗೆ ಊದಿನಕಡ್ಡಿ ಹಚ್ಚುವ ಮೊದಲು ಬಾನೆಟ್ ಎತ್ತಿ ಆ ಪೈಪನ್ನು ಕೈಯಿಂದ ಸವರಿ ನೋಡುತ್ತಾರೆ. ಸಾಲದ ಕಂತು ಇನ್ನೂ 14 ಇವೆ.