ಅಂಗಳದಲ್ಲಿ ಮೀಟರ್ ಗೇಜು: ಮಾದರಿ ರೈಲುಮಾರ್ಗದ ಭೌತಶಾಸ್ತ್ರ

ಗದಗು ಕರ್ನಾಟಕದ ಹಳೆಯ ರೈಲ್ವೆ ಜಂಕ್ಷನ್ನುಗಳಲ್ಲೊಂದು. 1876-78ರ ಭೀಕರ ಕ್ಷಾಮದ ತರುವಾಯ, ಬರಪೀಡಿತ ಪ್ರದೇಶಗಳಿಗೆ ಧಾನ್ಯವನ್ನು ಶೀಘ್ರವಾಗಿ ಸಾಗಿಸುವ ಉದ್ದೇಶವನ್ನೂ ಮುಂದಿಟ್ಟುಕೊಂಡು, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪಿತವಾಯಿತು. ಆ ದಶಕದಲ್ಲಿ ಅದರ ಮಾರ್ಗಗಳು ಗದಗಿನಿಂದ ಪಶ್ಚಿಮಕ್ಕೆ ಹುಬ್ಬಳ್ಳಿಯತ್ತ, ಪೂರ್ವಕ್ಕೆ ಬಳ್ಳಾರಿಯತ್ತ, ಉತ್ತರಕ್ಕೆ ವಿಜಾಪುರದ ಮೂಲಕ ಸೊಲ್ಲಾಪುರದ ಬಳಿಯ ಹೊಟಗಿಯತ್ತ ಹಬ್ಬಿದವು. ಅವುಗಳ ಎರಡು ಕಂಬಿಗಳ ನಡುವಿನ ಅಂತರ ಸರಿಯಾಗಿ ಒಂದು ಮೀಟರು. 1990ರ ದಶಕದಲ್ಲಿ ಹುಬ್ಬಳ್ಳಿಯ ಮಾರ್ಗವೂ, ಮುಂದಿನ ದಶಕದ ಅಂತ್ಯದ ವೇಳೆಗೆ ಹೊಟಗಿಯ ಮಾರ್ಗವೂ 1676 ಮಿಲಿಮೀಟರಿನ ಬ್ರಾಡ್ ಗೇಜಿಗೆ ಪರಿವರ್ತಿತವಾದವು. ಇಂದಿನ ವಿದ್ಯಾರ್ಥಿಗೆ ಗದಗಿನ ಮೀಟರ್ ಗೇಜು ಹಿರಿಯರಿಂದ ಕೇಳಿ ತಿಳಿಯಬೇಕಾದ ಸಂಗತಿಯಾಗಿದೆ.

ಹೋದ ಆ ಮಾರ್ಗವನ್ನು ಚಿಕ್ಕ ಪ್ರಮಾಣದಲ್ಲಿ ಮತ್ತೆ ಹಾಸಿ, ಅದರ ಮೇಲೆ ಗಾಡಿಯನ್ನು ಓಡಿಸಬಹುದು. ಮಾದರಿ ರೈಲುಮಾರ್ಗದ ರಚನೆ ಅನೇಕ ದೇಶಗಳಲ್ಲಿ ಬಹುಕಾಲದಿಂದ ನಡೆದುಬಂದ ಹವ್ಯಾಸ. ನಮ್ಮ ನೆರೆಯ ಪುಣೆಯಲ್ಲಿ 1998ರಲ್ಲಿ ಆರಂಭವಾದ ಜೋಶಿಯವರ ಕಿರುರೈಲು ಸಂಗ್ರಹಾಲಯ ಇಂತಹ ಹವ್ಯಾಸದ ಫಲವೇ. ಆದರೆ ಈ ಕೆಲಸಕ್ಕೆ ಕೈಹಾಕಿದವರಿಗೆ ಬೇಗನೆ ಒಂದು ವಿಷಯ ಮನವರಿಕೆಯಾಗುತ್ತದೆ. ಉದ್ದವನ್ನು ನಾವು ಬೇಕಾದಷ್ಟು ಕುಗ್ಗಿಸಬಹುದು. ಗುರುತ್ವಾಕರ್ಷಣೆ, ಉಷ್ಣತೆ, ಮಳೆಯ ಹನಿ ಇವು ನಮ್ಮೊಡನೆ ಕುಗ್ಗಲು ಒಪ್ಪುವುದಿಲ್ಲ. ಯಾವುದು ಕುಗ್ಗುತ್ತದೆ, ಯಾವುದು ಕುಗ್ಗುವುದಿಲ್ಲ ಎಂಬುದನ್ನು ವಿಚಾರಿಸುವುದೇ ಈ ಪಾಠದ ಉದ್ದೇಶ.

ಪ್ರಮಾಣದ ಆಯ್ಕೆ

ಮೇಜಿನ ಮೇಲೆ ಓಡುವ ಮಾದರಿಗಳಲ್ಲಿ ಅತ್ಯಂತ ಪ್ರಚಾರದಲ್ಲಿರುವ ಪ್ರಮಾಣ 1:87. ಕಂಬಿಗಳ ಅಂತರ 16.5 ಮಿ.ಮೀ. ಇವನ್ನು ಗುಣಿಸಿದರೆ ಸುಮಾರು 1435 ಮಿ.ಮೀ., ಅಂದರೆ ಯುರೋಪಿನ ಸ್ಟಾಂಡರ್ಡ್ ಗೇಜು ಬರುತ್ತದೆ. ಅದು ನಮ್ಮ ಮೀಟರ್ ಗೇಜೂ ಅಲ್ಲ, ಬ್ರಾಡ್ ಗೇಜೂ ಅಲ್ಲ.

ಅಂಗಳದಲ್ಲಿ ಹಾಸುವ ದೊಡ್ಡ ಮಾದರಿಗಳ ಸಂಗತಿ ಬೇರೆ. 1968ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಲೇಮನ್ ಸಂಸ್ಥೆಯು ಬಯಲಿನಲ್ಲಿ ಓಡಬಲ್ಲ ಮಾದರಿಗಳನ್ನು 1:22.5 ಪ್ರಮಾಣದಲ್ಲಿ ಹೊರತಂದಿತು. ಅವುಗಳ ಕಂಬಿಗಳ ಅಂತರ 45 ಮಿ.ಮೀ. ಇದನ್ನು 22.5ರಿಂದ ಗುಣಿಸಿದರೆ 1012.5 ಮಿ.ಮೀ. ಆಗುತ್ತದೆ. ಒಂದು ಮೀಟರಿಗೂ ಇದಕ್ಕೂ ಇರುವ ವ್ಯತ್ಯಾಸ ನೂರಕ್ಕೆ ಒಂದೂಕಾಲು ಭಾಗ ಮಾತ್ರ. ಹೀಗೆ, ಆಲ್ಪ್ಸ್ ಪರ್ವತದ ಚಿಕ್ಕ ರೈಲುಗಳನ್ನು ಮನಸ್ಸಿನಲ್ಲಿಟ್ಟು ಆರಿಸಿದ ಪ್ರಮಾಣವು ಗದಗಿನ ಹಳೆಯ ಮಾರ್ಗಕ್ಕೂ ಹೊಂದಿಕೊಳ್ಳುತ್ತದೆ. ಸುಮಾರು 19 ಮೀಟರು ಉದ್ದದ ಎಂಜಿನ್ನು ಇಲ್ಲಿ 85 ಸೆಂಟಿಮೀಟರಾಗುತ್ತದೆ. ಆರು ಡಬ್ಬಿಗಳನ್ನು ಜೋಡಿಸಿದರೆ ಗಾಡಿಯ ಉದ್ದ ಆರು ಮೀಟರನ್ನು ಮೀರುತ್ತದೆ.

ತೂಕ ಮತ್ತು ಬಲ

ಉದ್ದವು 22.5 ಪಟ್ಟು ಕುಗ್ಗಿದಾಗ ಕ್ಷೇತ್ರವು ಅದರ ವರ್ಗದಷ್ಟು, ಅಂದರೆ ಸುಮಾರು 506 ಪಟ್ಟು ಕುಗ್ಗುತ್ತದೆ. ಘನಗಾತ್ರವು ಅದರ ಘನದಷ್ಟು, ಅಂದರೆ ಸುಮಾರು 11,390 ಪಟ್ಟು ಕುಗ್ಗುತ್ತದೆ. 58 ಟನ್ ತೂಗುವ ಎಂಜಿನ್ನನ್ನು ಅದೇ ಲೋಹದಿಂದ, ಅದೇ ದಪ್ಪದ ಅನುಪಾತದಲ್ಲಿ ಮಾಡಿದರೆ ಮಾದರಿಯ ತೂಕ 5 ಕಿಲೋಗ್ರಾಂಗಿಂತ ತುಸು ಹೆಚ್ಚು.

ಆದರೆ ಒಂದು ತೊಲೆ ಎಷ್ಟು ಭಾರವನ್ನು ತಡೆಯಬಲ್ಲದು ಎಂಬುದು ಅದರ ಅಡ್ಡಕೊಯ್ತದ ಕ್ಷೇತ್ರಕ್ಕೆ ಸಂಬಂಧಿಸಿದೆ. ಭಾರ 11,390 ಪಟ್ಟು ಇಳಿದಾಗ ಬಲ 506 ಪಟ್ಟು ಮಾತ್ರ ಇಳಿಯುವುದರಿಂದ, ಮಾದರಿಯು ತನ್ನ ತೂಕದೊಡನೆ ಹೋಲಿಸಿದಾಗ ಮೂಲಕ್ಕಿಂತ 22.5 ಪಟ್ಟು ಬಲಶಾಲಿ. ಈ ತತ್ತ್ವವನ್ನು ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಅಂಗಳದ ಹಳ್ಳಕ್ಕೆ ಕಟ್ಟಿದ ತೆಳು ಹಲಗೆಯ ಸೇತುವೆ ಅಲುಗಾಡದೆ ನಿಂತಿತೆಂಬ ಕಾರಣಕ್ಕೆ, ಅದೇ ಆಕಾರದ ದೊಡ್ಡ ಸೇತುವೆಯೂ ನಿಂತೀತೆಂದು ನಾವು ನಂಬಕೂಡದು.

ನೆಲ, ಬಿಸಿಲು, ಮಳೆ

ಗದಗಿನ ಸುತ್ತಲಿನ ಹೊಲಗಳಲ್ಲಿ ಬಹುಭಾಗ ಎರೆಮಣ್ಣು. ಮಳೆಗಾಲದಲ್ಲಿ ಅದು ನೀರು ಹೀರಿ ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಮಾದರಿಯ ಗಾಲಿಯ ಅಂಚು ಕಂಬಿಯ ಕೆಳಗೆ ಇಳಿಯುವುದು ಕೆಲವೇ ಮಿಲಿಮೀಟರು. ಆದುದರಿಂದ ನೆಲವು 3 ಮಿ.ಮೀ. ಕುಸಿದರೂ ಅದು ನಿಜವಾದ ಮಾರ್ಗದಲ್ಲಿ 67 ಮಿ.ಮೀ. ಕುಸಿದುದಕ್ಕೆ ಸಮ. ದೊಡ್ಡ ರೈಲ್ವೆಯ ಎಂಜಿನಿಯರರು ಎರೆನೆಲದ ಮೇಲೆ ಬೇರೆ ಮಣ್ಣಿನ ಹೊದಿಕೆ ಹಾಕಿದ ಮೇಲೆಯೇ ಜಲ್ಲಿ ಹರಡುತ್ತಾರೆ. ನಾವೂ ಒಂದು ಮೊಳ ಆಳದ ಕಾಲುವೆ ತೋಡಿ, ಎರೆಯನ್ನು ತೆಗೆದು, ಗರಸು ತುಂಬಿ, ನೀರು ಹಾಕಿ ಗಟ್ಟಿಮಾಡಿ ಅದರ ಮೇಲೆ ಕಂಬಿ ಹಾಸಬೇಕು. ಕಪ್ಪತಗುಡ್ಡದ ಸೆರಗಿನಲ್ಲಿರುವ ಶಿರಹಟ್ಟಿ, ಮುಂಡರಗಿ ತಾಲೂಕುಗಳ ಮಸಾರಿ ನೆಲದಲ್ಲಿ ಈ ತೊಂದರೆ ಕಡಿಮೆ.

ಬಿಸಿಲಿನ ಪರಿಣಾಮವೂ ಪ್ರಮಾಣಕ್ಕೆ ತಕ್ಕಂತೆ ಇಳಿಯುವುದಿಲ್ಲ. ಹಿತ್ತಾಳೆಯ ಕಂಬಿ ಪ್ರತಿ ಡಿಗ್ರಿಗೆ ತನ್ನ ಉದ್ದದ ದಶಲಕ್ಷದಲ್ಲಿ 19 ಭಾಗದಷ್ಟು ಹಿಗ್ಗುತ್ತದೆ. ಬೆಳಗಿನ 20 ಡಿಗ್ರಿಯಿಂದ ಮಧ್ಯಾಹ್ನದ ಬಿಸಿಲಿನಲ್ಲಿ ಲೋಹ 60 ಡಿಗ್ರಿಗೆ ಏರಿತೆನ್ನೋಣ. 12 ಮೀಟರಿನ ನೇರ ಮಾರ್ಗ ಆಗ 9 ಮಿ.ಮೀ. ಬೆಳೆಯುತ್ತದೆ. ಜೋಡಣೆಗಳಲ್ಲಿ ಸಂದು ಬಿಡದಿದ್ದರೆ ಕಂಬಿ ಹಾವಿನಂತೆ ಬಾಗುತ್ತದೆ. ಮಳೆಯಂತೂ ಇನ್ನೂ ವಿಚಿತ್ರ. 3 ಮಿ.ಮೀ. ವ್ಯಾಸದ ಹನಿಯು ಈ ಪುಟ್ಟ ಲೋಕಕ್ಕೆ ಮೋಸಂಬಿ ಹಣ್ಣಿನ ಗಾತ್ರದ ಹನಿ. ಅದರ ಹೊಡೆತಕ್ಕೆ ಸಣ್ಣ ಜಲ್ಲಿ ಚದುರಿಹೋಗುವುದರಿಂದ ಅದಕ್ಕೆ ತುಸು ಸಿಮೆಂಟು ಬೆರೆಸಿ ಹಿಡಿದಿಡುವುದು ರೂಢಿ.

ತಿರುವು

ಭಾರತದ ಮೀಟರ್ ಗೇಜಿನಲ್ಲಿ ಅತ್ಯಂತ ತೀವ್ರವಾದ ತಿರುವಿನ ತ್ರಿಜ್ಯ ಸುಮಾರು 109 ಮೀಟರು. ನಮ್ಮ ಪ್ರಮಾಣದಲ್ಲಿ ಅದು 4.86 ಮೀಟರು. ಗಾಡಿ ಪೂರ್ಣ ವೃತ್ತವಾಗಿ ಸುತ್ತಬೇಕಾದರೆ ಸುಮಾರು 10 ಮೀಟರು ಅಗಲದ ಅಂಗಳ ಬೇಕು. ಅಷ್ಟು ಸ್ಥಳವಿಲ್ಲದವರು ತ್ರಿಜ್ಯವನ್ನು 1.2 ಮೀಟರಿಗೆ ಇಳಿಸುತ್ತಾರೆ. ಆಗ ಡಬ್ಬಿಯ ಮಧ್ಯಭಾಗವು ಕಂಬಿಯ ನಡುಗೆರೆಯಿಂದ ಒಳಗೆ ಸರಿಯುತ್ತದೆ. ಎರಡು ಬೋಗಿಗಳ ಕೇಂದ್ರಗಳ ಅಂತರವು 60 ಸೆ.ಮೀ. ಇದ್ದರೆ, ಆ ಅಂತರದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿದಾಗ 3.75 ಸೆ.ಮೀ. ಬರುತ್ತದೆ, ದೊಡ್ಡ ತಿರುವಿನಲ್ಲಾದರೆ ಅದು 1 ಸೆ.ಮೀ.ಗೂ ಕಡಿಮೆ. ಪ್ಲಾಟ್‌ಫಾರಂ, ಸಿಗ್ನಲ್ ಕಂಬ, ಸೇತುವೆಯ ತಡೆಗೋಡೆಗಳನ್ನು ನಿಲ್ಲಿಸುವ ಮೊದಲೇ ಈ ಲೆಕ್ಕ ಹಾಕಬೇಕು.

ವೇಗದ ಸಮಸ್ಯೆ

ಈಗ ಈ ಪಾಠದ ತಿರುಳಿಗೆ ಬರೋಣ. ಗಂಟೆಗೆ 60 ಕಿಲೋಮೀಟರಿನಲ್ಲಿ ಓಡುವ ಗಾಡಿ ಸೆಕೆಂಡಿಗೆ 16.7 ಮೀಟರು ಸಾಗುತ್ತದೆ. ಕಣ್ಣಿಗೆ ಅದೇ ನಡಿಗೆ ಕಾಣಬೇಕಾದರೆ ಮಾದರಿಯು ಸೆಕೆಂಡಿಗೆ 0.74 ಮೀಟರು ಸಾಗಬೇಕು. ಇದು ನಾವು ನಿಧಾನವಾಗಿ ನಡೆಯುವ ವೇಗ.

ಎಂಜಿನಿನ ಶಕ್ತಿಯನ್ನು ನಿಲ್ಲಿಸಿ, ಬ್ರೇಕು ಹಾಕದೆ ಗಾಡಿಯನ್ನು ತಾನಾಗಿ ಓಡಲು ಬಿಟ್ಟರೆ ಏನಾಗುತ್ತದೆ? ಗಾಡಿಯನ್ನು ತಡೆಯುವ ಘರ್ಷಣೆ ತೂಕದ ಇನ್ನೂರನೆಯ ಒಂದು ಭಾಗವೆಂದು ಇಟ್ಟುಕೊಳ್ಳೋಣ. ವೇಗದ ವರ್ಗವನ್ನು, ಗುರುತ್ವವೇಗೋತ್ಕರ್ಷ ಹಾಗೂ ಘರ್ಷಣಾಂಶಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರೆ ಸಾಗುವ ದೂರ ದೊರೆಯುತ್ತದೆ. ನಿಜವಾದ ಗಾಡಿಗೆ ಅದು ಸುಮಾರು 2,830 ಮೀಟರು. 22.5ರಿಂದ ಭಾಗಿಸಿದಾಗ ಮಾದರಿಯು 126 ಮೀಟರು ಸಾಗಬೇಕಾಗಿತ್ತು. ಆದರೆ ಅದರ ವೇಗದಿಂದ ಲೆಕ್ಕ ಹಾಕಿದರೆ ಬರುವುದು ಕೇವಲ 5.6 ಮೀಟರು. ಚಿಕ್ಕ ಗಾಲಿಗಳ ಘರ್ಷಣೆ ಸಾಮಾನ್ಯವಾಗಿ ಹೆಚ್ಚು. ಅದು ನಾಲ್ಕು ಪಟ್ಟಾದರೆ ಮಾದರಿಯು 1.4 ಮೀಟರಿನಲ್ಲಿಯೇ ನಿಲ್ಲುತ್ತದೆ. ದೊಡ್ಡ ಗಾಡಿ ಗಂಭೀರವಾಗಿ ಬಂದು ನಿಲ್ಲುವುದಕ್ಕೂ ಆಟಿಕೆಯ ಗಾಡಿ ಗಕ್ಕನೆ ನಿಲ್ಲುವುದಕ್ಕೂ ಕಾರಣ ಇದೇ. ನಾವು ಉದ್ದವನ್ನೂ ವೇಗವನ್ನೂ ಕುಗ್ಗಿಸಿದೆವು. ಗುರುತ್ವ ಮಾತ್ರ ಗದಗಿನ ಅಂಗಳದಲ್ಲಿಯೂ 9.8 ಆಗಿಯೇ ಉಳಿಯಿತು.

ಹಡಗುಗಳ ಮಾದರಿಗಳನ್ನು ಪರೀಕ್ಷಿಸಿದ ಇಂಗ್ಲೆಂಡಿನ ವಿಲಿಯಂ ಫ್ರೌಡ್ 1870ರ ದಶಕದಲ್ಲಿ ಇದಕ್ಕೆ ಮಾರ್ಗ ತೋರಿಸಿದನು. ವೇಗವನ್ನು ಉದ್ದದ ಅನುಪಾತದ ವರ್ಗಮೂಲದಷ್ಟು ಮಾತ್ರ ಇಳಿಸಬೇಕು. 22.5ರ ವರ್ಗಮೂಲ 4.74, ಆಗ ಮಾದರಿಯ ವೇಗ ಸೆಕೆಂಡಿಗೆ 3.5 ಮೀಟರು, ಸಾಗುವ ದೂರ ಸರಿಯಾಗಿ 126 ಮೀಟರು. ಚಲನೆಯ ನಿಯಮ ಪಾಲಿತವಾಯಿತು. ಆದರೆ ನೋಡುವವರ ಕಣ್ಣಿಗೆ ಅದು ಗಂಟೆಗೆ 285 ಕಿಲೋಮೀಟರಿನ ಓಟವಾಗಿ ತೋರುತ್ತದೆ! ಕಣ್ಣನ್ನೂ ಚಲನಶಾಸ್ತ್ರವನ್ನೂ ಒಟ್ಟಿಗೆ ತೃಪ್ತಿಪಡಿಸಲು ಸಾಧ್ಯವಿಲ್ಲ. ಹವ್ಯಾಸಿಗಳು ಕಣ್ಣಿನ ಪಕ್ಷ ವಹಿಸಿ, ಎಂಜಿನಿನ ಮೋಟಾರಿಗೆ ಭಾರವಾದ ಫ್ಲೈವೀಲನ್ನು ಜೋಡಿಸುತ್ತಾರೆ. ಅಥವಾ ವಿದ್ಯುತ್ತು ಮೆಲ್ಲಮೆಲ್ಲನೆ ಏರಿಳಿಯುವಂತೆ ನಿಯಂತ್ರಕವನ್ನು ರಚಿಸುತ್ತಾರೆ.

ವಿದ್ಯುತ್ತು

ಮಾದರಿಯ ಎರಡು ಕಂಬಿಗಳೇ ತಂತಿಗಳಾಗಿ ಮೋಟಾರಿಗೆ ವಿದ್ಯುತ್ತನ್ನು ಒಯ್ಯುತ್ತವೆ. ದಪ್ಪ ಹಿತ್ತಾಳೆ ಕಂಬಿಯ ರೋಧ ಅತ್ಯಲ್ಪ. ತೊಂದರೆ ಇರುವುದು ಜೋಡಣೆಗಳಲ್ಲಿ. ಧೂಳು ಕುಳಿತ ಪ್ರತಿಯೊಂದು ಜೋಡಣೆಯ ರೋಧ 0.05 ಓಮ್ ಆದರೂ, ಇಪ್ಪತ್ತು ಜೋಡಣೆ ದಾಟುವಾಗ 1 ಓಮ್ ಆಗುತ್ತದೆ. 3 ಆಂಪಿಯರ್ ಹರಿದರೆ 3 ವೋಲ್ಟು ಅಲ್ಲಿಯೇ ನಷ್ಟ. ಆದುದರಿಂದ ಹಲವು ಕಡೆ ದಪ್ಪ ತಾಮ್ರದ ತಂತಿಯಿಂದ ವಿದ್ಯುತ್ತನ್ನು ಪೂರೈಸಬೇಕು. ಮನೆಯ 230 ವೋಲ್ಟನ್ನು ಎಂದಿಗೂ ಕಂಬಿಗೆ ನೇರವಾಗಿ ಕೊಡಕೂಡದು. ಸುರಕ್ಷಿತವಾದ ಟ್ರಾನ್ಸ್‌ಫಾರ್ಮರಿನಿಂದ 24 ವೋಲ್ಟಿನೊಳಗೆ ಇಳಿಸಿ, ಏಕಮುಖ ಪ್ರವಾಹವಾಗಿ ಪರಿವರ್ತಿಸಿ ಬಳಸಬೇಕು. ಮಳೆಗಾಲಕ್ಕೆ ಎಂಜಿನಿನೊಳಗೇ ಬ್ಯಾಟರಿ ಇಡುವುದು ಉತ್ತಮ.

ಓಡಿಸುವ ಶಿಸ್ತು

ಗದಗಿನಿಂದ ಹುಬ್ಬಳ್ಳಿಗೆ ಸುಮಾರು 58 ಕಿಲೋಮೀಟರು. ನಮ್ಮ ಪ್ರಮಾಣದಲ್ಲಿಯೂ ಅದು ಎರಡೂವರೆ ಕಿಲೋಮೀಟರನ್ನು ಮೀರುತ್ತದೆ. ಅಷ್ಟು ಅಂಗಳ ಯಾರಿಗಿದೆ? ಇಲ್ಲಿ ಹವ್ಯಾಸಿಗಳು ಕಾಲವನ್ನು ಕುಗ್ಗಿಸುತ್ತಾರೆ. ಹತ್ತು ಪಟ್ಟು ವೇಗದಿಂದ ತಿರುಗುವ ಗಡಿಯಾರವನ್ನಿಟ್ಟರೆ, ಒಂದು ಗಂಟೆಯ ಪ್ರಯಾಣ ಆರು ನಿಮಿಷಕ್ಕೆ ಇಳಿಯುತ್ತದೆ. 60 ಮೀಟರಿನ ಸುತ್ತುಮಾರ್ಗವನ್ನು ನಾಲ್ಕೂವರೆ ಸಾರಿ ಸುತ್ತಿದರೆ ಹುಬ್ಬಳ್ಳಿ ಬಂದಂತಾಯಿತು.

ನಾಲ್ವರು ಗೆಳೆಯರು ಸೇರಿದರೆ ಒಬ್ಬನು ಗದಗಿನ, ಒಬ್ಬನು ಹುಲಕೋಟಿಯ, ಒಬ್ಬನು ಅಣ್ಣಿಗೇರಿಯ ಸ್ಟೇಶನ್ ಮಾಸ್ತರನಾಗಬಹುದು, ನಾಲ್ಕನೆಯವನು ಡ್ರೈವರು. ಒಂಟಿಮಾರ್ಗದ ನಿಯಮ ಒಂದೇ: ಎರಡು ನಿಲ್ದಾಣಗಳ ನಡುವೆ ಒಂದು ಕಾಲಕ್ಕೆ ಒಂದೇ ಗಾಡಿ. ಆ ವಿಭಾಗದ ಟೋಕನ್ ಕೈಗೆ ಬಾರದೆ ಡ್ರೈವರು ಹೊರಡಕೂಡದು. ಈ ಶಿಸ್ತನ್ನು ಪಾಲಿಸಿ ಆಡುವಾಗಲೇ ರೈಲ್ವೆಯ ಸುರಕ್ಷತೆಯ ಮೂಲತತ್ತ್ವ ಅರ್ಥವಾಗುತ್ತದೆ. ರೈಲು ಮುಟ್ಟದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ವಿದ್ಯಾರ್ಥಿಗಳು ತಮ್ಮ ಊರಿಗೊಂದು ಶಾಖಾಮಾರ್ಗವನ್ನು ಅಂಗಳದಲ್ಲಿ ಹಾಸಿಕೊಳ್ಳಲು ಯಾರ ಮಂಜೂರಾತಿಯೂ ಬೇಕಿಲ್ಲ.

ಅಳತೆಯೇ ಮೊದಲ ಪಾಠ

ನಮ್ಮ ಮೀಟರ್ ಗೇಜಿನ ಡಬ್ಬಿಗಳ ಮಾದರಿಗಳು ಅಂಗಡಿಯಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಅವನ್ನು ಅಳೆದು, ನಕ್ಷೆ ಬರೆದು, ನಾವೇ ಮಾಡಬೇಕು. ಮೈಸೂರಿನಲ್ಲಿ 1979ರಿಂದಲೂ ಹುಬ್ಬಳ್ಳಿಯಲ್ಲಿ 2020ರಿಂದಲೂ ರೈಲ್ವೆ ವಸ್ತುಸಂಗ್ರಹಾಲಯಗಳಿವೆ. ಅಧಿಕಾರಿಗಳ ಅನುಮತಿ ಪಡೆದು ಟೇಪು, ಪುಸ್ತಕಗಳೊಡನೆ ಅಲ್ಲಿಗೆ ಹೋಗಬೇಕು. ಮೀಟರ್ ಗೇಜಿನ ಮೇಲೆ ದುಡಿದ ಡ್ರೈವರು, ಫೈರ್‌ಮನ್, ಗ್ಯಾಂಗ್‌ಮನ್ನರು ನಮ್ಮ ನೆರೆಯಲ್ಲಿಯೇ ಇರಬಹುದು. ಯಾವ ಸಿಗ್ನಲ್ ಎಲ್ಲಿತ್ತು, ಎಂಜಿನ್ನಿಗೆ ನೀರು ಎಲ್ಲಿ ತುಂಬುತ್ತಿದ್ದರು ಎಂಬುದನ್ನು ಅವರು ಬಲ್ಲರು. ಕಟ್ಟಡವನ್ನು ನಾಳೆಯೂ ಅಳೆಯಬಹುದು. ಈ ಹಿರಿಯರ ನೆನಪನ್ನು ಇಂದೇ ಬರೆದುಕೊಳ್ಳಬೇಕು. ಅದನ್ನು ಕೇಳಿ ಬರೆದಿಟ್ಟುಕೊಂಡು ಕಟ್ಟಿದ ಮಾದರಿ, ಆ ಮಾರ್ಗದ ವಿಶ್ವಾಸಾರ್ಹ ದಾಖಲೆಯೂ ಆಗುತ್ತದೆ.

ಅಭ್ಯಾಸ

1. ಬ್ರಾಡ್ ಗೇಜನ್ನು 45 ಮಿ.ಮೀ. ಕಂಬಿಯ ಮೇಲೆ ತೋರಿಸಬೇಕಾದರೆ ಯಾವ ಪ್ರಮಾಣ ಬೇಕು? (ಉತ್ತರ: ಸುಮಾರು 1:37.)

2. ನೂರಕ್ಕೆ ಒಂದರ ಏರು ಮಾದರಿಯಲ್ಲಿಯೂ ನೂರಕ್ಕೆ ಒಂದೇ ಆಗಿರುತ್ತದೆ. ಏಕೆ? (ಸೂಚನೆ: ಏರು ಎಂಬುದು ಎರಡು ಉದ್ದಗಳ ಅನುಪಾತ.)

3. ನಿಜವಾದ ಉಗಿ ಎಂಜಿನ್ನಿನ ಪುಟ್ಟ ಮಾದರಿಯಲ್ಲಿ ಬಾಯ್ಲರು ಬೇಗನೆ ತಣ್ಣಗಾಗುತ್ತದೆ. ಕ್ಷೇತ್ರ ಮತ್ತು ಘನಗಾತ್ರಗಳ ಅನುಪಾತದಿಂದ ಕಾರಣವನ್ನು ವಿವರಿಸಿರಿ.