ಮೆಮೊರಿ ಇದ್ದರೆ ಸಾಲದು, ಒಟ್ಟಿಗೆ ಇರಬೇಕು: ಲಿನಕ್ಸ್ ಕರ್ನಲ್ ಕಾಯುವವರಿಗೆ ಒಂಬತ್ತು ಸೂತ್ರಗಳು

ಸರ್ವರ್‌ನಲ್ಲಿ ಮೆಮೊರಿ ಧಾರಾಳವಾಗಿ ಖಾಲಿ ಇದೆ. ಆದರೂ ಕರ್ನಲ್ ಲಾಗ್‌ನಲ್ಲಿ ‘ಪೇಜ್ ಅಲೊಕೇಶನ್ ಫೇಲ್ಯೂರ್’ ಎಂಬ ಸಾಲು ಬಿದ್ದಿದೆ. ಮದುವೆಮನೆಯ ಪಂಕ್ತಿಯಲ್ಲಿ ಅಲ್ಲೊಂದು ಇಲ್ಲೊಂದು ಎಲೆ ಖಾಲಿ ಇದ್ದರೂ ಎಂಟು ಜನರ ಕುಟುಂಬಕ್ಕೆ ಒಟ್ಟಿಗೆ ಕೂರಲು ಜಾಗ ಸಿಗುವುದಿಲ್ಲ. ಇಲ್ಲಿ ಆಗಿರುವುದೂ ಅದೇ. ಎಷ್ಟು ಮೆಮೊರಿ ಉಳಿದಿದೆ ಎಂದು ಎಲ್ಲರೂ ಕೇಳುತ್ತಾರೆ. ಯಾವ ಅಳತೆಯ ತುಂಡುಗಳಾಗಿ ಉಳಿದಿದೆ ಎಂದೂ ಕೇಳುವವರಿಗೆ ತೊಂದರೆ ಮೊದಲೇ ಕಾಣುತ್ತದೆ.

1. ಮೊತ್ತ ನೋಡಿ, ಅಲ್ಲಿಗೇ ನಿಲ್ಲಬೇಡಿ. ಪ್ರಾಕ್ ಡೈರೆಕ್ಟರಿಯ ಮೆಮ್‌ಇನ್ಫೋದಲ್ಲಿ ‘ಮೆಮ್‌ಫ್ರೀ’ ಕಡಿಮೆ ಕಂಡ ಕೂಡಲೇ ಗಾಬರಿ ಬೇಡ. ಬಿಡುವಾಗಿರುವ ಮೆಮೊರಿಯನ್ನು ಲಿನಕ್ಸ್ ಫೈಲ್ ಕ್ಯಾಶ್‌ಗೆ ಬಳಸಿಕೊಂಡು, ಬೇಕಾದಾಗ ಬಿಟ್ಟುಕೊಡುತ್ತದೆ. 3.14ನೇ ಆವೃತ್ತಿಯಿಂದ ಇರುವ ‘ಮೆಮ್‌ಅವೈಲಬಲ್’ ಹೆಚ್ಚು ನಂಬಬಹುದಾದ ಅಂದಾಜು. ಆದರೆ ಎರಡೂ ಬರೀ ಮೊತ್ತಗಳು.

2. ಬಡ್ಡಿಇನ್ಫೋ ಓದಲು ಕಲಿಯಿರಿ. ಕೆನೆತ್ ನೋಲ್ಟನ್ 1965ರಲ್ಲಿ ವಿವರಿಸಿದ ಬಡ್ಡಿ ಪದ್ಧತಿಯೇ ಇಂದಿಗೂ ಲಿನಕ್ಸ್‌ನ ಪುಟ ಹಂಚಿಕೆಗೆ ಬುನಾದಿ. ದೊಡ್ಡ ತುಂಡನ್ನು ಎರಡಾಗಿ ಒಡೆಯುವುದು, ಜೋಡಿಯ ಎರಡೂ ಭಾಗ ಖಾಲಿಯಾದಾಗ ಮತ್ತೆ ಕೂಡಿಸುವುದು ಅದರ ಕೆಲಸ. ಸಾಮಾನ್ಯ ಎಕ್ಸ್86 ಯಂತ್ರದಲ್ಲಿ ಆರ್ಡರ್ 0 ಎಂದರೆ 4 ಕೆಬಿ. ಪ್ರತಿ ಆರ್ಡರ್‌ಗೂ ದುಪ್ಪಟ್ಟಾಗುತ್ತ ಆರ್ಡರ್ 10ಕ್ಕೆ 4 ಎಂಬಿ. ಬಡ್ಡಿಇನ್ಫೋದ ಒಂದೊಂದು ಸಾಲು ಮೆಮೊರಿಯ ಒಂದೊಂದು ವಲಯ (ಝೋನ್), ಅದರ 11 ಅಂಕಣಗಳು ಆ ಆರ್ಡರ್‌ಗಳ ಖಾಲಿ ತುಂಡುಗಳ ಎಣಿಕೆ. ಎಡಗಡೆ ದೊಡ್ಡ ಸಂಖ್ಯೆಗಳು, ಬಲಗಡೆ ಸೊನ್ನೆಗಳು ಕಂಡರೆ ಮೆಮೊರಿ ಚೂರುಚೂರಾಗಿದೆ ಎಂದೇ ತಿಳಿಯಿರಿ.

3. ದೊಡ್ಡ ತುಂಡು ಯಾರಿಗೆ ಬೇಕೆಂದು ಪಟ್ಟಿ ಮಾಡಿ. 2 ಎಂಬಿಯ ಹ್ಯೂಜ್ ಪೇಜ್‌ಗೆ ಆರ್ಡರ್ 9 ಬೇಕು. ಆರ್ಡರ್ 3, ಅಂದರೆ 32 ಕೆಬಿ ಮೀರಿದ ಬೇಡಿಕೆಯನ್ನು ಕರ್ನಲ್ ದುಬಾರಿ ಎಂದೇ ಪರಿಗಣಿಸಿ ಬೇಗ ಕೈಚೆಲ್ಲುತ್ತದೆ. ಡ್ರೈವರ್ ಬರೆಯುವವರು ನೀವಾಗಿದ್ದರೆ, ಭೌತಿಕವಾಗಿ ಪಕ್ಕಪಕ್ಕದ ಪುಟಗಳೇ ಬೇಕೆಂಬ ಅಗತ್ಯವಿಲ್ಲದ ಕಡೆ ‘ಕೆವಿಮ್ಯಾಲಕ್’ ಬಳಸಿ.

4. ಕೊರತೆ ಬೇರೆ, ಚೂರಾಗಿರುವುದು ಬೇರೆ. ಡೀಬಗ್‌ಎಫ್ಎಸ್‌ನ ‘ಎಕ್ಸ್ಟ್‌ಫ್ರಾಗ್ ಇಂಡೆಕ್ಸ್’ ಇದನ್ನು ಬಿಡಿಸಿ ಹೇಳುತ್ತದೆ. ಅಂಕಿ 0ಯ ಹತ್ತಿರವಿದ್ದರೆ ಮೆಮೊರಿಯೇ ಸಾಲದು. 1ರ ಹತ್ತಿರವಿದ್ದರೆ ಫ್ರಾಗ್ಮೆಂಟೇಶನ್. -1 ಇದ್ದರೆ ಆ ಆರ್ಡರ್‌ನ ತುಂಡು ಸಿಗುತ್ತದೆ. ಮೊದಲನೆಯದಕ್ಕೆ ಬಳಕೆ ತಗ್ಗಿಸಬೇಕು ಅಥವಾ ರ್‍ಯಾಮ್ ಹೆಚ್ಚಿಸಬೇಕು. ಎರಡನೆಯದಕ್ಕೆ ಕಂಪ್ಯಾಕ್ಷನ್, ಅಂದರೆ ಪುಟಗಳನ್ನು ಸರಿಸಿ ಖಾಲಿ ಜಾಗ ಒಗ್ಗೂಡಿಸುವುದು, ಮದ್ದು.

5. ಕದಲದ ಪುಟಗಳ ಮೇಲೆ ಕಣ್ಣಿಡಿ. ಪ್ರೋಗ್ರಾಮ್‌ಗಳ ಪುಟಗಳನ್ನು ಸಾಮಾನ್ಯವಾಗಿ ಬೇರೆಡೆ ಸಾಗಿಸಬಹುದು. ಕರ್ನಲ್‌ನ ಸ್ವಂತ ಪುಟಗಳು ಬಹುಪಾಲು ಕದಲುವುದಿಲ್ಲ. ಅಂಥ ಒಂದೇ ಪುಟ ನಡುವೆ ಕೂತರೂ ದೊಡ್ಡ ತುಂಡು ಕೂಡಿಕೊಳ್ಳದು. ಅದಕ್ಕೇ ಮೆಲ್ ಗೋರ್ಮನ್ ಅವರ ಶ್ರಮದಿಂದ 2.6.24ನೇ ಆವೃತ್ತಿಯಲ್ಲಿ ಪುಟಗಳನ್ನು ಚಲನೆಯ ಗುಣದ ಮೇಲೆ ಗುಂಪು ಮಾಡುವ ವ್ಯವಸ್ಥೆ ಬಂತು. ಆ ಗುಂಪುಗಳ ಸ್ಥಿತಿ ಪೇಜ್‌ಟೈಪ್‌ಇನ್ಫೋದಲ್ಲಿದೆ. ಒಂದು ಗುಂಪಿನ ಬೇಡಿಕೆ ಇನ್ನೊಂದರ ಜಾಗಕ್ಕೆ ನುಗ್ಗಿದ್ದನ್ನು ‘ಎಂಎಂ ಪೇಜ್ ಅಲೊಕ್ ಎಕ್ಸ್ಟ್‌ಫ್ರಾಗ್’ ಟ್ರೇಸ್‌ಪಾಯಿಂಟ್ ಹಿಡಿದುಕೊಡುತ್ತದೆ.

6. ಕಂಪ್ಯಾಕ್ಷನ್‌ನ ಬೆಲೆ ಅಳೆಯಿರಿ. 2010ರ 2.6.35ರಿಂದ ಕರ್ನಲ್ ಪುಟಗಳನ್ನು ಸರಿಸಿ ಜಾಗ ಒಗ್ಗೂಡಿಸುತ್ತದೆ. ವಿಎಂಸ್ಟ್ಯಾಟ್‌ನ ‘ಕಂಪ್ಯಾಕ್ಟ್ ಸ್ಟಾಲ್’ ಏರಿದಷ್ಟೂ ಯಾವುದೋ ಪ್ರೋಗ್ರಾಮ್ ಮೆಮೊರಿಗಾಗಿ ಕಾದಿದೆ. ‘ಕಂಪ್ಯಾಕ್ಟ್ ಫೇಲ್’ ಏರಿದಷ್ಟೂ ಆ ಕಾಯುವಿಕೆ ವ್ಯರ್ಥ. ಇವು ಬೂಟ್ ಆದಾಗಿನಿಂದ ಕೂಡುತ್ತ ಬಂದ ಸಂಖ್ಯೆಗಳು, ಹಾಗಾಗಿ ಎರಡು ಓದುಗಳ ನಡುವಿನ ವ್ಯತ್ಯಾಸವೇ ಮುಖ್ಯ. 5.9ರಿಂದ ಮುಂಗಡವಾಗಿ ಒಗ್ಗೂಡಿಸುವ ‘ಕಂಪ್ಯಾಕ್ಷನ್ ಪ್ರೊಆಕ್ಟಿವ್‌ನೆಸ್’ ಇದೆ. ಮಿತಿ 0ರಿಂದ 100, ಡೀಫಾಲ್ಟ್ ಮೌಲ್ಯ 20. ಸ್ವಲ್ಪಸ್ವಲ್ಪವೇ ಬದಲಿಸಿ, ಪ್ರತಿ ಸಲವೂ ಅಳೆಯಿರಿ.

7. ಸ್ಲ್ಯಾಬ್ ಮರೆಯಬೇಡಿ. ಜೆಫ್ ಬಾನ್ವಿಕ್ 1994ರಲ್ಲಿ ಸೋಲಾರಿಸ್‌ಗಾಗಿ ರೂಪಿಸಿದ ಈ ವಿಧಾನದಲ್ಲಿ ಕರ್ನಲ್‌ನ ಸಣ್ಣ ವಸ್ತುಗಳು ಪುಟಗಳೊಳಗೆ ಒತ್ತಾಗಿ ಕೂರುತ್ತವೆ. ಒಂದು ವಸ್ತು ಉಳಿದರೂ ಇಡೀ ಸ್ಲ್ಯಾಬ್ ಬಿಡುಗಡೆಯಾಗದು. ಸ್ಲ್ಯಾಬ್‌ಟಾಪ್‌ನಲ್ಲಿ ಒಟ್ಟು ವಸ್ತುಗಳಿಗೂ ಬಳಕೆಯಲ್ಲಿರುವವುಗಳಿಗೂ ಅಂತರ ಹಿಗ್ಗುತ್ತಿದ್ದರೆ ಒಳಗೇ ಜಾಗ ಪೋಲಾಗುತ್ತಿದೆ. ಮೆಮ್‌ಇನ್ಫೋದ ‘ಎಸ್‌ಅನ್‌ರೀಕ್ಲೇಮ್’ ಇಳಿಯದೆ ಏರುತ್ತಲೇ ಇದ್ದರೆ ಸೋರಿಕೆಯನ್ನು ಶಂಕಿಸಿ.

8. ಸೋರಿಕೆಯ ಬೇರಿಗೆ ಹೋಗಿ. ಪರೀಕ್ಷಾ ಯಂತ್ರದಲ್ಲಿ ‘ಕೆಮೆಮ್‌ಲೀಕ್’ ಓಡಿಸಿ. ಯಾವ ಪುಟವನ್ನು ಯಾರು ಪಡೆದರೆಂದು ತಿಳಿಯಲು ‘ಪೇಜ್ ಓನರ್’ ಆನ್ ಮಾಡಿ ಬೂಟ್ ಮಾಡಿ. 2024ರ 6.10ರಿಂದ ‘ಅಲೊಕ್‌ಇನ್ಫೋ’ ಕೋಡ್‌ನ ಯಾವ ಸಾಲು ಎಷ್ಟು ಮೆಮೊರಿ ಹಿಡಿದಿದೆ ಎಂಬುದನ್ನೇ ತೋರಿಸುತ್ತದೆ. ಕರ್ನಲ್ ಕಟ್ಟುವಾಗ ಆ ಆಯ್ಕೆ ಸೇರಿಸಿರಬೇಕು.

9. ರೀಬೂಟ್‌ಗೆ ಮೊದಲು ಸಾಕ್ಷ್ಯ ಉಳಿಸಿ. ಫ್ರಾಗ್ಮೆಂಟೇಶನ್ ಯಂತ್ರ ಓಡಿದಂತೆ ಬೆಳೆಯುವ ತೊಂದರೆ. ಬೂಟ್ ಆದ ಹೊಸತರಲ್ಲೇ ಬಡ್ಡಿಇನ್ಫೋ, ಪೇಜ್‌ಟೈಪ್‌ಇನ್ಫೋ, ವಿಎಂಸ್ಟ್ಯಾಟ್, ಸ್ಲ್ಯಾಬ್‌ಇನ್ಫೋ ನಾಲ್ಕನ್ನೂ ದಾಖಲಿಸಿ. ಆಮೇಲೆ ನಿಗದಿತ ಅಂತರದಲ್ಲಿ ದಾಖಲಿಸುತ್ತಿರಿ. ಜತೆಗೆ 4.20ರಿಂದ ಇರುವ ಮೆಮೊರಿ ಪ್ರೆಶರ್ ಅಂಕಿಗಳನ್ನೂ ಸೇರಿಸಿ. ಪ್ರೋಗ್ರಾಮ್‌ಗಳು ಮೆಮೊರಿಗಾಗಿ ಎಷ್ಟು ಹೊತ್ತು ಕಾದವೆಂದು ಅವು ಹೇಳುತ್ತವೆ. ರೀಬೂಟ್ ಮಾಡಿದರೆ ಯಂತ್ರ ಸರಿಹೋದಂತೆ ಕಾಣುತ್ತದೆ, ಆದರೆ ಕಾರಣ ಅಳಿಸಿಹೋಗುತ್ತದೆ. ಈ ಕಡತಗಳು ಕೈಯಲ್ಲಿದ್ದರೆ ಅದೇ ತೊಂದರೆ ಮುಂದಿನ ಸಲ ಬರುವಷ್ಟರಲ್ಲಿ ನಿಮ್ಮ ಬಳಿ ಊಹೆಯ ಬದಲು ಉತ್ತರವಿರುತ್ತದೆ.