ನಾಡ ಕುರಿಯ ಉಣ್ಣೆಯಿಂದ ಮಕ್ಕಳಿಗೆ ಅಂಗಿ ಹೆಣೆಯುವ ಕ್ರಮ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಈ ನಾಲ್ಕು ತಾಲ್ಲೂಕುಗಳು ಮಳೆಯನ್ನು ನೆಚ್ಚಿ ಬದುಕುವ ಸೀಮೆಯೆಂಬುದು ಸರ್ವರಿಗೂ ವಿದಿತವಾದ ವಿಷಯ. ಬೆಳೆ ಕೈಕೊಟ್ಟ ವರ್ಷದಲ್ಲಿಯೂ ಒಕ್ಕಲ ಮನೆಯನ್ನು ಕಾಪಾಡತಕ್ಕ ಸ್ವತ್ತೆಂದರೆ ಕುರಿ. 2019ನೆಯ ಇಸವಿಯ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿದ್ದ ಕುರಿಗಳ ಸಂಖ್ಯೆ ಸುಮಾರು 1 ಕೋಟಿ 10 ಲಕ್ಷ. ಕುರಿಯ ಮಾಂಸಕ್ಕೆ ಬೆಲೆಯುಂಟು. ಹೊಲದಲ್ಲಿ ಮಂದೆ ನಿಲ್ಲಿಸಿದರೆ ಗೊಬ್ಬರಕ್ಕೂ ಬೆಲೆಯುಂಟು. ಉಣ್ಣೆಯೊಂದಕ್ಕೆ ಮಾತ್ರ ಬೆಲೆ ತಗ್ಗಿ, ಕತ್ತರಿಸುವ ಕೂಲಿಯೂ ಹುಟ್ಟದೆ, ಅನೇಕ ಕಡೆ ಅದನ್ನು ಬೇಲಿಯ ಬದಿಗೆ ಎಸೆಯುವುದು ಕಂಡುಬರುತ್ತಿದೆ. ಅದೇ ಗ್ರಾಮದ ಮಕ್ಕಳು ಮಾಗಿಯ ಮುಂಜಾವಿನಲ್ಲಿ ತೆಳು ಅಂಗಿಯೊಡನೆ ಬೆಂಕಿಯ ಮುಂದೆ ಕುಳಿತು ನಡುಗುವುದೂ ಉಂಟು. ಎಸೆಯುವ ಈ ಪದಾರ್ಥದಿಂದಲೇ ಮಗುವಿಗೊಂದು ಬೆಚ್ಚನೆಯ ಅಂಗಿಯನ್ನು ಮನೆಯಲ್ಲಿ ಮಾಡಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

1. ಉಣ್ಣೆಯ ಗುಣ

ಉಣ್ಣೆಯ ಎಳೆಗಳ ನಡುವೆ ಗಾಳಿ ನಿಲ್ಲುವುದರಿಂದ ಮೈಯ ಶಾಖವು ಹೊರಗೆ ಹೋಗುವುದಿಲ್ಲ. ಉಣ್ಣೆಯು ತನ್ನ ತೂಕದ ನೂರಕ್ಕೆ ಸುಮಾರು 30 ಪಾಲಿನಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸುವುದಿಲ್ಲ. ಇದಕ್ಕಿಂತ ಮುಖ್ಯವಾದ ಗುಣವೊಂದಿದೆ. ಉಣ್ಣೆಗೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲ. ಹತ್ತಿದರೂ ಕರಕಾಗಿ ನಂದುವ ಸ್ವಭಾವವುಳ್ಳದ್ದು. ಅಂಗಡಿಯಲ್ಲಿ ಅಗ್ಗವಾಗಿ ದೊರೆಯುವ ಅಕ್ರಿಲಿಕ್ ನೂಲಿನ ಸ್ವೆಟರಾದರೋ ಕರಗಿ ಚರ್ಮಕ್ಕೆ ಅಂಟಿಕೊಂಡು ಉರಿಯುವುದು. ಒಲೆಯ ಬಳಿಯಲ್ಲಿಯೂ ಚಳಿಬೆಂಕಿಯ ಬಳಿಯಲ್ಲಿಯೂ ಕೂಡುವ ಮಕ್ಕಳ ವಿಷಯದಲ್ಲಿ ಈ ಭೇದವನ್ನು ಅವಶ್ಯವಾಗಿ ಗಮನಿಸಬೇಕು.

ನಾಡ ಕುರಿಯ ಉಣ್ಣೆಯು ಒರಟೆಂಬ ಆಕ್ಷೇಪಣೆಯೂ ಸತ್ಯವೇ. ಮೆರಿನೋ ಕುರಿಯ ಎಳೆಗಿಂತ ಇದರ ಎಳೆ ಎರಡು ಪಾಲಿಗೂ ಹೆಚ್ಚು ದಪ್ಪ. ದಪ್ಪ ಎಳೆಯ ತುದಿ ಮೈಗೆ ಚುಚ್ಚುವುದು. ಆದಕಾರಣ ಮರಿಯ ಮೊದಲ ಕತ್ತರಣೆಯ ಉಣ್ಣೆಯನ್ನೇ ಆರಿಸಿಕೊಂಡು, ಅಂಗಿಯನ್ನು ಹತ್ತಿಬಟ್ಟೆಯ ಮೇಲೆ ತೊಡಿಸತಕ್ಕದ್ದು.

2. ಆಯ್ಕೆ ಮತ್ತು ಶುದ್ಧಿ

ಒಂದು ಅಂಗಿಗೆ 200ರಿಂದ 250 ಗ್ರಾಂ ನೂಲು ಬೇಕು. ಕಸ, ಜಿಡ್ಡು ಕಳೆದು ಇಷ್ಟು ಉಳಿಯಬೇಕಾದರೆ ಸುಮಾರು 400 ಗ್ರಾಂ ಹಸಿ ಉಣ್ಣೆಯನ್ನು ತೆಗೆದುಕೊಳ್ಳಬೇಕು. ಎರಡು ಮೂರು ಮರಿಗಳ ಮೊದಲ ಕತ್ತರಣೆಯಿಂದ ಇದು ಒದಗುವುದು. ಬೆನ್ನಿನ ಮತ್ತು ಪಕ್ಕೆಯ ಉಣ್ಣೆಯು ಉತ್ತಮ; ಹೊಟ್ಟೆಯ, ಕಾಲಿನ ಮತ್ತು ಬಾಲದ ಉಣ್ಣೆಯನ್ನು ಬಿಡುವುದು.

ಹಠಾತ್ತಾಗಿ ಸತ್ತ ಕುರಿಯ ಉಣ್ಣೆಯನ್ನು ಎಂದಿಗೂ ಮುಟ್ಟಕೂಡದು. ಸಾವಿಗೆ ಅಂಥ್ರಾಕ್ಸ್ ರೋಗ ಕಾರಣವಾಗಿದ್ದರೆ ಅದರ ಬೀಜಾಣುಗಳು ತೊಳೆದರೂ ಸಾಯದೆ ಉಣ್ಣೆಯಲ್ಲಿ ಉಳಿದು ಮನುಷ್ಯರಿಗೆ ಅಂಟುವುವು. ಉಣ್ಣೆಗಾಗಿ ಉಣ್ಣಿ ಔಷಧದಲ್ಲಿ ಹೊಸದಾಗಿ ಮೀಯಿಸಿದ ಮಂದೆಯನ್ನೂ ವರ್ಜಿಸತಕ್ಕದ್ದು.

ಉಣ್ಣೆಯಲ್ಲಿ ಸಿಕ್ಕಿರುವ ಉತ್ತರಾಣಿ ಮುಳ್ಳು ಮೊದಲಾದ ಕಸವನ್ನು ಕೈಯಿಂದ ಆರಿಸಿ, ಅಂಟುವಾಳಕಾಯಿಯನ್ನು ನೆನೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡುವುದು. ಅನಂತರ ಅದೇ ಶಾಖದ ಶುದ್ಧ ನೀರಿನಲ್ಲಿ ಎರಡು ಮೂರು ಬಾರಿ ಅದ್ದಿ ತೆಗೆದು ನೆರಳಿನಲ್ಲಿ ಹರಡುವುದು. ಕುದಿಯುವ ನೀರು ಮತ್ತು ಉಜ್ಜುವಿಕೆಯಿಂದ ಉಣ್ಣೆಯು ಗಂಟುಕಟ್ಟಿ ಕುಗ್ಗುವುದು. ಚೌಳು, ಸೋಡಗಳಿಂದ ಎಳೆಯ ಬಲ ಕೆಡುವುದು.

3. ನೂಲು

ಒಣಗಿದ ಉಣ್ಣೆಯನ್ನು ಬಿಡಿಸಿ, ಕಂಬಳಿಗೆ ಮಾಡುವಂತೆಯೇ ಬಿಲ್ಲಿನಿಂದ ಹೊಡೆದು ಹಿಂಜಬೇಕು. ರಾಟೆಯಲ್ಲಿ ಹದವಾದ ದಪ್ಪಕ್ಕೆ ನೂತು, ಎರಡು ಎಳೆಗಳನ್ನು ಕೂಡಿಸಿ ನೂತ ದಿಕ್ಕಿಗೆ ವಿರುದ್ಧವಾಗಿ ಹುರಿಮಾಡುವುದು. ಈ ಕೆಲಸವನ್ನು ಕುರುಬರ ಮನೆಯ ಹಿರಿಯ ಹೆಂಗಸರು ಬಲ್ಲರು; ಅವರಲ್ಲಿ ಕಲಿಯುವುದೇ ಲೇಸು. ಕಂಬಳಿಯ ಹಾಸಿಗೆ ಹುಣಿಸೆಬೀಜದ ಗಂಜಿ ಹಾಕುವ ವಾಡಿಕೆಯುಂಟಷ್ಟೆ. ಹೆಣಿಗೆಯ ನೂಲಿಗೆ ಗಂಜಿ ಕೂಡದು. ಹಾಕಿದರೆ ನೂಲು ಬಿರುಸಾಗಿ ಅಂಗಿಯು ಮೈಗೆ ಹೊಂದುವುದಿಲ್ಲ.

4. ಸಲಕರಣೆ ಮತ್ತು ಹೆಣಿಗೆ

5 ಮಿಲಿಮೀಟರು ದಪ್ಪ, 35 ಸೆಂಟಿಮೀಟರು ಉದ್ದದ ಎರಡು ಬಿದಿರುಕಡ್ಡಿಗಳು ಸಾಕು. ಒಂದು ತುದಿಯನ್ನು ಮೊನೆಮಾಡಿ, ಕಡ್ಡಿಯನ್ನೆಲ್ಲ ಮರಳುಕಾಗದದಿಂದ ನುಣುಪುಗೊಳಿಸಿ, ಇನ್ನೊಂದು ತುದಿಗೆ ಅರಗಿನ ಗುಂಡನ್ನು ಅಂಟಿಸುವುದು.

ಎಡಗಡ್ಡಿಯ ಮೇಲೆ ಕುಣಿಕೆಗಳನ್ನು ಹಾಕಿಕೊಂಡು, ನೂಲನ್ನು ಹಿಂಬದಿಗೆ ಇಟ್ಟುಕೊಳ್ಳಬೇಕು. ಬಲಗಡ್ಡಿಯ ಮೊನೆಯನ್ನು ಮೊದಲ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿ, ಮೊನೆಗೆ ನೂಲನ್ನು ಒಂದು ಸುತ್ತು ಸುತ್ತಿ, ಆ ನೂಲನ್ನು ಕುಣಿಕೆಯೊಳಗಿಂದ ಮುಂದಕ್ಕೆ ಎಳೆದು, ಹಳೆಯ ಕುಣಿಕೆಯನ್ನು ಎಡಗಡ್ಡಿಯಿಂದ ಜಾರಿಸುವುದು. ಸಾಲು ಮುಗಿದೊಡನೆ ಕಡ್ಡಿಗಳನ್ನು ಕೈ ಬದಲಿಸಿ ಹೀಗೆಯೇ ಹೆಣೆಯಬೇಕು. ಇಡೀ ಅಂಗಿಗೆ ಈ ಒಂದೇ ಹೆಣಿಗೆ ಸಾಕು.

ಮೊದಲು 16 ಕುಣಿಕೆ ಹಾಕಿ 30 ಸಾಲು ಹೆಣೆದು ಅಳೆಯುವುದು. ಉದ್ದಗಲಗಳು ಹತ್ತತ್ತು ಸೆಂಟಿಮೀಟರು ಬರಬೇಕು. ಕಡಮೆಯಾದರೆ ದಪ್ಪ ಕಡ್ಡಿಯನ್ನೂ, ಹೆಚ್ಚಾದರೆ ಸಣ್ಣ ಕಡ್ಡಿಯನ್ನೂ ಹಿಡಿಯತಕ್ಕದ್ದು. ಮುಂದೆ ಹೇಳುವ ಲೆಕ್ಕವು ಎರಡು ವರ್ಷದ ಮಗುವಿಗೆ.

ಬೆನ್ನಿನ ಭಾಗ: 48 ಕುಣಿಕೆ ಹಾಕಿ 104 ಸಾಲು ಹೆಣೆದು ಮುಗಿಸುವುದು. ಮುಗಿಸುವಾಗ ಎರಡು ಕುಣಿಕೆ ಹೆಣೆದು ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸಬೇಕು. ಮತ್ತೊಂದು ಹೆಣೆದು ಪುನಃ ದಾಟಿಸಬೇಕು.

ಎದೆಯ ಭಾಗ: 48 ಕುಣಿಕೆ ಹಾಕಿ 92 ಸಾಲು ಹೆಣೆಯುವುದು. 93ನೆಯ ಸಾಲಿನಲ್ಲಿ 12 ಕುಣಿಕೆ ಹೆಣೆದು, ನಡುವಿನ 24ನ್ನು ಕತ್ತಿಗಾಗಿ ಮುಗಿಸಿ, ಉಳಿದ 12ನ್ನು ಹೆಣೆಯುವುದು. ಈ 12ರ ಮೇಲೆ ಇನ್ನು 11 ಸಾಲು ಹೆಣೆದು ಮುಗಿಸಬೇಕು. ಇನ್ನೊಂದು ಹೆಗಲಿಗೆ ಬೇರೆ ನೂಲು ಸೇರಿಸಿ ಅಷ್ಟೇ ಸಾಲು ಹೆಣೆಯಬೇಕು.

ಜೋಡಣೆ: ಬಲಹೆಗಲನ್ನು ಪೂರ್ತಿ ಹೊಲಿದು, ತಲೆ ಸಲೀಸಾಗಿ ತೂರುವಂತೆ ಎಡಹೆಗಲಿಗೆ ಎರಡು ಗುಂಡಿಗಳನ್ನೂ ನೂಲಿನ ಕುಣಿಕೆಗಳನ್ನೂ ಇಡುವುದು. ಪಕ್ಕಗಳನ್ನು ಕೆಳಗಿನಿಂದ 22 ಸೆಂಟಿಮೀಟರು ಹೊಲಿದು, ಮೇಲಿನ ಭಾಗವನ್ನು ತೋಳಿಗಾಗಿ ಬಿಡುವುದು. ಅಂಗಿಯ ಸುತ್ತಳತೆ 60 ಸೆಂಟಿಮೀಟರು ಆಗುವುದು. ದೊಡ್ಡ ಮಗುವಿಗೆ ಪ್ರತಿ ಭಾಗಕ್ಕೂ 4 ಕುಣಿಕೆ, 12 ಸಾಲು ಹೆಚ್ಚಿಸಿದರಾಯಿತು. ಹೆಚ್ಚಿದ ಕುಣಿಕೆಗಳು ಹೆಗಲಿಗೆ ಸೇರತಕ್ಕವು.

5. ಗ್ರಾಮ ಮುಖಂಡರ ಗಮನಕ್ಕೆ

ಇದು ಲಾಭದ ವ್ಯಾಪಾರವೆಂದು ಭಾವಿಸಬಾರದು. ನೂಲಿಗೂ ಹೆಣಿಗೆಗೂ ಅನೇಕ ದಿನಗಳ ಬಿಡುವು ಬೇಕು. ಕೂಲಿ ಲೆಕ್ಕ ಹಾಕಿದರೆ ಅಂಗಡಿಯ ಸ್ವೆಟರೇ ಅಗ್ಗವಾದೀತು. ಆದರೆ ಬೇಸಗೆಯಲ್ಲಿ ಹೊಲದ ಕೆಲಸ ನಿಂತಿರುವಾಗ ಬಿಡುವಿಗೆ ಕೊರತೆಯಿಲ್ಲ, ಉಣ್ಣೆಗೆ ಹಣ ಕೊಡಬೇಕಾಗಿಯೂ ಇಲ್ಲ. ಉಣ್ಣೆಗೆ ಬೆಲೆಯಿಲ್ಲದಿರುವುದರಿಂದ ಕುರಿಗಾರರು ಉಣ್ಣೆಯಿಲ್ಲದ ತಳಿಗಳ ಕಡೆಗೆ ತಿರುಗುತ್ತಿರುವರು. ಕಂಬಳಿಯ ಮಗ್ಗವೂ ರಾಟೆಯೂ ಮೂಲೆಗೆ ಸೇರಿದ ಮೇಲೆ, ನೂಲುವುದನ್ನು ಬಲ್ಲ ಮುದುಕಿಯರ ಕಾಲಾನಂತರ ಈ ವಿದ್ಯೆಯನ್ನು ಕಲಿಸುವವರು ದೊರೆಯಲಾರರು.

ಆದುದರಿಂದ ಗ್ರಾಮದ ಮುಖಂಡರೂ ಭೂಮಾಲೀಕರೂ ತಮ್ಮ ಹೊಲದಲ್ಲಿ ಮಂದೆ ನಿಲ್ಲಿಸುವ ಕುರುಬರೊಡನೆಯೂ ಕಾಡುಗೊಲ್ಲರೊಡನೆಯೂ ಮಾತನಾಡಿ, ಮರಿಗಳ ಮೊದಲ ಉಣ್ಣೆಯನ್ನು ಬೇರೆಯಾಗಿ ಕಟ್ಟಿಡಿಸಬೇಕು. ನೂಲುವುದನ್ನು ಬಲ್ಲ ಒಬ್ಬ ಹಿರಿಯಳಿಗೆ ತಕ್ಕ ಗೌರವಧನವನ್ನು ಕೊಟ್ಟು ನಾಲ್ಕಾರು ಹೆಣ್ಣುಮಕ್ಕಳಿಗೆ ಕಲಿಸುವ ಏರ್ಪಾಡು ಮಾಡಬೇಕು. ಯುಗಾದಿಯಿಂದ ಮೊದಲುಮಾಡಿದರೆ ಮುಂದಿನ ಮಾಗಿಯೊಳಗೆ ಗ್ರಾಮದ ಅಂಗನವಾಡಿಯ ಕೆಲವು ಮಕ್ಕಳಾದರೂ ತಮ್ಮ ಊರಿನ ಕುರಿಯ ಉಣ್ಣೆಯನ್ನು ತೊಡುವರು.